ಲಿವರ್ ಒತ್ತಿ ಹಿಡಿದರೂ ಎಂಸಿಬಿ ಒಳಗೆ ಆಫ್ ಆಗುವುದು ಹೇಗೆ?

ವಿಜಯನಗರ_ಹಳೇಮನೆ:

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ನಮ್ಮದು ಹಳೇ ಮನೆ. ಬಾತ್‌ರೂಮಿನ ಗೀಸರ್ ಮತ್ತು ಅಡುಗೆಮನೆಯ ಪವರ್ ಪ್ಲಗ್ ಎರಡೂ ಒಂದೇ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್, ಅಂದರೆ ಟ್ರಿಪ್, ಆಗುವ ಸ್ವಿಚ್) ಮೇಲಿವೆ. ಬೆಳಿಗ್ಗೆ ಗೀಸರ್ ಓಡುತ್ತಿರುವಾಗ ಇಂಡಕ್ಷನ್ ಒಲೆ ಮೇಲೆ ದೋಸೆ ಹಾಕಲು ಶುರು ಮಾಡಿದರೆ ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಟ್ರಿಪ್ ಆಗುತ್ತದೆ, ಕೆಲವು ದಿನ ಆಗುವುದೇ ಇಲ್ಲ. ಟ್ರಿಪ್ ಆದ ಕೂಡಲೇ ಲಿವರ್ ಎತ್ತಿದರೆ ನಿಲ್ಲುವುದಿಲ್ಲ, ಕೆಳಗೆ ಜಾರುತ್ತದೆ. ಬೆರಳಲ್ಲಿ ಮೇಲಕ್ಕೆ ಒತ್ತಿ ಹಿಡಿದರೂ ಕರೆಂಟ್ ಬರುವುದಿಲ್ಲ! ಎರಡು ನಿಮಿಷ ಬಿಟ್ಟರೆ ಸರಿಯಾಗಿ ಕೂರುತ್ತದೆ.

ಎಲೆಕ್ಟ್ರಿಷಿಯನ್ ಬಂದು ಹೊಸ ಎಂಸಿಬಿ ಹಾಕಿದರು, ಅದೂ ಹಾಗೇ. ಈಗ 32 ಆಂಪಿಯರ್ ಹಾಕಿಬಿಡೋಣ ಎನ್ನುತ್ತಿದ್ದಾರೆ.

ತೆಗೆದ ಹಳೇ ಎಂಸಿಬಿಯ ರಿವೆಟ್‌ಗಳನ್ನು ಡ್ರಿಲ್ ಮಾಡಿ ಬಿಚ್ಚಿ ನೋಡಿದೆ. ದಪ್ಪ ತಾಮ್ರದ ಕಾಯಿಲ್ ಒಂದು, ಅದರೊಳಗೆ ಜಾರುವ ಸಣ್ಣ ಕಬ್ಬಿಣದ ಕಡ್ಡಿ, ಒಂದು ಚಪ್ಪಟೆ ಪಟ್ಟಿ, ಅದಕ್ಕೆ ಬೆಸುಗೆ ಹಾಕಿದ ಹೆಣೆದ ತಾಮ್ರದ ವೈರ್, ಒಂದು ಮೂಲೆಯಲ್ಲಿ ಸಾಲಾಗಿ ನಿಲ್ಲಿಸಿದ ತೆಳು ಕಬ್ಬಿಣದ ತಗಡುಗಳು. ತಗಡುಗಳ ಅಂಚಿಗೆ ಕಪ್ಪು ಮಸಿ ಹಿಡಿದಿದೆ. ಲಿವರ್‌ಗೂ ಕಾಂಟ್ಯಾಕ್ಟ್‌ಗೂ (ಒಂದಕ್ಕೊಂದು ತಾಗಿ ಕರೆಂಟ್ ಹರಿಸುವ ಲೋಹದ ತುದಿ) ನಡುವೆ ಸ್ಟೇಪಲ್ ಪಿನ್ ಆಕಾರದ ಒಂದು ಪುಟ್ಟ ಕಂಬಿ ಬಿಟ್ಟರೆ ಬೇರೇನೂ ಇಲ್ಲ. ಲಿವರ್ ನಾನು ಹಿಡಿದಿದ್ದೇನೆ, ಹಾಗಿದ್ದರೂ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಪೀಣ್ಯ_ಪ್ಯಾನೆಲ್:

ಒಳ್ಳೇ ಪ್ರಶ್ನೆ ಸರ್. ಪೀಣ್ಯದಲ್ಲಿ ಪ್ಯಾನೆಲ್ ಕೆಲಸದಲ್ಲಿದ್ದೇನೆ. ಇಷ್ಟು ದಿನ ಇದನ್ನು ಕೈಯಲ್ಲಿ ಹಿಡಿದವರಲ್ಲೂ ಎಷ್ಟೋ ಜನ ಒಳಗೆ ನೋಡಿರುವುದಿಲ್ಲ.

ನಿಮ್ಮ ಉತ್ತರ ಆ ಸ್ಟೇಪಲ್ ಪಿನ್‌ನಂಥ ಕಂಬಿಯಲ್ಲೇ ಇದೆ. ಅದರ ಒಂದು ತುದಿ ಲಿವರ್‌ಗೆ ಸಿಕ್ಕಿಕೊಂಡಿದೆ. ಇನ್ನೊಂದು ತುದಿ ನೇರ ಕಾಂಟ್ಯಾಕ್ಟ್‌ಗೆ ಸಿಕ್ಕಿಲ್ಲ, ಸರಿಯಾಗಿ ನೋಡಿ. ಅದು ಒಂದು ಪುಟ್ಟ ಕೊಂಡಿಯ ಮೇಲೆ ಕೂತಿದೆ, ಇದನ್ನು ಲ್ಯಾಚ್ ಎನ್ನುತ್ತೇವೆ. ಲ್ಯಾಚ್‌ನ ಮೂತಿ ಪಕ್ಕದ ಟ್ರಿಪ್ ಲಿವರ್‌ನ ಅಂಚಿಗೆ ತಗುಲಿಕೊಂಡಿದ್ದಾಗ ಮಾತ್ರ ಕಂಬಿಗೆ ಒತ್ತಲು ಒಂದು ಗಟ್ಟಿ ಜಾಗ ಸಿಗುತ್ತದೆ. ಆಗ ನೀವು ಲಿವರ್ ಎತ್ತಿದರೆ ಕಂಬಿ ಲ್ಯಾಚನ್ನು ತಳ್ಳುತ್ತದೆ, ಲ್ಯಾಚ್ ಕಾಂಟ್ಯಾಕ್ಟ್ ತೋಳನ್ನು ತಳ್ಳುತ್ತದೆ, ತೋಳು ಹೋಗಿ ಸ್ಥಿರ ಕಾಂಟ್ಯಾಕ್ಟ್‌ಗೆ ಒತ್ತಿಕೊಳ್ಳುತ್ತದೆ, ಜೊತೆಗೆ ತೋಳಿನ ಸ್ಪ್ರಿಂಗ್ ಕೂಡ ಬಿಗಿಯಾಗುತ್ತದೆ. ಕೊನೆಯಲ್ಲಿ ಕಂಬಿ ನಡುಗೆರೆ ದಾಟಿ ಆ ಕಡೆಗೆ ಹೊರಳುತ್ತದೆ. ಅಲ್ಲಿಂದ ಮುಂದೆ ಸ್ಪ್ರಿಂಗ್ ತಳ್ಳಿದಷ್ಟೂ ಲಿವರ್ ಆನ್ ಕಡೆಗೇ ಒರಗುತ್ತದೆ, ಅದಕ್ಕೇ ಕೈ ಬಿಟ್ಟರೂ ನಿಲ್ಲುವುದು.

ಅಂದರೆ ಕಾಂಟ್ಯಾಕ್ಟ್ ಬಿಡಿಸಲು ಬೇಕಾದ ಶಕ್ತಿಯನ್ನು ನಿಮ್ಮ ಬೆರಳು ಆನ್ ಮಾಡುವಾಗಲೇ ಸ್ಪ್ರಿಂಗ್‌ಗೆ ತುಂಬಿ ಬಿಟ್ಟಿರುತ್ತದೆ. ಟ್ರಿಪ್ ಮಾಡುವ ಭಾಗಕ್ಕೆ ಆ ಕೊಂಡಿ ತಪ್ಪಿಸುವುದಷ್ಟೇ ಕೆಲಸ. ಇಲಿ ಬೋನಿನಂತೆ, ತಿಂಡಿಗೆ ಇಲಿಯ ಮೂತಿ ತಾಗಿದರೆ ಸಾಕು.

ಟ್ರಿಪ್ ಲಿವರ್ ಸ್ವಲ್ಪ ಸರಿಯಿತು ಅಂದರೆ ಲ್ಯಾಚ್‌ನ ಮೂತಿ ಜಾರುತ್ತದೆ. ಕಂಬಿಗೆ ಆಸರೆಯೇ ಇಲ್ಲದಂತಾಗುತ್ತದೆ. ಮೇಲೆ ಲಿವರನ್ನು ನೀವು ಎಷ್ಟೇ ಬಲವಾಗಿ ಹಿಡಿದಿರಿ, ಕೆಳಗೆ ತೋಳು ತನ್ನ ಸ್ಪ್ರಿಂಗ್‌ನಿಂದಲೇ ಹಿಂದಕ್ಕೆ ಹಾರುತ್ತದೆ. ಇದಕ್ಕೆ ಟ್ರಿಪ್ ಫ್ರೀ ಎನ್ನುತ್ತಾರೆ, ಮನೆ ಎಂಸಿಬಿಗೆ ಇದು ಕಡ್ಡಾಯ. ಯಾರೋ ಲಿವರ್‌ಗೆ ಟೇಪ್ ಸುತ್ತಿ, ಕಡ್ಡಿ ಸಿಕ್ಕಿಸಿ ಇಟ್ಟರೂ ಶಾರ್ಟ್ ಆದಾಗ ಕಾಂಟ್ಯಾಕ್ಟ್ ಬಿಡಲೇಬೇಕು, ಅದಕ್ಕಾಗಿಯೇ ಹೀಗೆ ಮಾಡಿರುವುದು. ಕೆಲವು ಎಂಸಿಬಿಗಳಲ್ಲಿ ಲಿವರ್ ಪಕ್ಕ ಕೆಂಪು ಹಸಿರು ಕಿಟಕಿ ಇರುತ್ತದೆ ನೋಡಿ, ಅದು ಕಾಂಟ್ಯಾಕ್ಟ್ ನಿಜವಾಗಿ ಎಲ್ಲಿದೆ ಅಂತ ತೋರಿಸಲು. ಲಿವರ್ ನೋಡಿ ನಂಬುವುದಕ್ಕಿಂತ ಅದನ್ನು ನೋಡುವುದು ಒಳ್ಳೇದು.

ಲ್ಯಾಚ್‌ನ ಆ ಹಿಡಿತ ಬಹಳ ಚಿಕ್ಕದು, ಮಿಲಿಮೀಟರ್‌ಗಿಂತ ಕಡಿಮೆ. ಹಾಗಾಗಿ ಧೂಳು, ಸಿಮೆಂಟ್ ಪುಡಿ, ಗಟ್ಟಿಯಾದ ಎಣ್ಣೆ ಯಾವುದೂ ಅಲ್ಲಿ ಸೇರಬಾರದು. ಲಿವರ್ ಬಿಗಿ ಇದೆ ಅಂತ ಸುಮ್ನೆ ಎಣ್ಣೆ ಸ್ಪ್ರೇ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಬಿಗಿಯಾಗಿದ್ದರೆ ಬದಲಾಯಿಸಿ.

ವಿಜಯನಗರ_ಹಳೇಮನೆ:

ತುಂಬಾ ಥ್ಯಾಂಕ್ಸ್ ಸರ್. ಈಗಷ್ಟೇ ಬಿಚ್ಚಿಟ್ಟದ್ದನ್ನು ತೆಗೆದು ಟ್ರಿಪ್ ಲಿವರನ್ನು ಗುಂಡುಸೂಜಿಯಲ್ಲಿ ಮುಟ್ಟಿದೆ, ಲಿವರ್ ಹಿಡಿದಿದ್ದಂತೆಯೇ ತೋಳು ಟಪ್ ಅಂತ ಹಿಂದೆ ಹೋಯಿತು! ಹಾಗಾದರೆ ಅದನ್ನು ಮುಟ್ಟುವುದು ಕಾಯಿಲ್ಲೋ ಪಟ್ಟಿಯೋ? ಮತ್ತೆ ಕೆಲವು ದಿನ ಟ್ರಿಪ್ ಆಗದಿರುವುದು ಯಾಕೆ?

ಡಿಪ್ಲೊಮಾ_ಮೇಷ್ಟ್ರು:

ಎರಡೂ ಮುಟ್ಟುತ್ತವೆ, ಬೇರೆ ಬೇರೆ ಕಾರಣಕ್ಕೆ. ನಿಧಾನದ ಓವರ್‌ಲೋಡ್‌ಗೆ ಪಟ್ಟಿ, ಶಾರ್ಟ್‌ಗೆ ಕಾಯಿಲ್. ಎರಡನ್ನೂ ಒಂದೇ ಪುಟ್ಟ ಡಬ್ಬಿಯಲ್ಲಿ ಸೇರಿಸಿ ಜರ್ಮನಿಯ ಮನ್‌ಹೈಮ್‌ನ ಹ್ಯೂಗೋ ಸ್ಟಾಟ್ಜ್ ಕಂಪನಿ 1924ರಲ್ಲಿ ಪೇಟೆಂಟ್ ಪಡೆಯಿತು, ಇವತ್ತಿನ ಎಂಸಿಬಿಯ ಮೂಲ ವಿಚಾರ ಅದೇ.

ಪಟ್ಟಿ ಬೈಮೆಟಲ್. ಎರಡು ಲೋಹಗಳನ್ನು ಬೆನ್ನಿಗೆ ಬೆನ್ನು ಕೂಡಿಸಿರುತ್ತಾರೆ, ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗುತ್ತದೆ, ಬಾಗಿ ಟ್ರಿಪ್ ಲಿವರನ್ನು ಸರಿಸುತ್ತದೆ. ಟ್ರಿಪ್ ಆದ ಮೇಲೆ ಪಟ್ಟಿ ತಣ್ಣಗಾಗಿ ನೆಟ್ಟಗಾಗುವ ತನಕ ಲ್ಯಾಚ್ ಕೂರಲು ಜಾಗವೇ ಇರುವುದಿಲ್ಲ. ನೀವು ಎರಡು ನಿಮಿಷ ಕಾಯಬೇಕಾಗುವುದು ಇದಕ್ಕೇ. ಪಟ್ಟಿಯ ಬುಡದ ಹತ್ತಿರ ಬಣ್ಣ ಹಚ್ಚಿ ಸೀಲ್ ಮಾಡಿದ ಒಂದು ಸ್ಕ್ರೂ ಕಾಣಬಹುದು. ಎಷ್ಟು ಬಾಗಿದರೆ ಟ್ರಿಪ್ ಆಗಬೇಕು ಅಂತ ಕಾರ್ಖಾನೆಯಲ್ಲಿ ಹೊಂದಿಸುವುದು ಅದರಲ್ಲೇ.

ಈಗ ನಿಮ್ಮ ಮನೆ ಲೆಕ್ಕ. ಗೀಸರ್ 3000 ವ್ಯಾಟ್, ಒಲೆ 2000 ವ್ಯಾಟ್ ಎಂದುಕೊಳ್ಳೋಣ. ಒಟ್ಟು 5000, 230 ವೋಲ್ಟ್‌ಗೆ ಸುಮಾರು 21.7 ಆಂಪಿಯರ್. 16ರ 1.36 ಪಟ್ಟು. ಎಂಸಿಬಿಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60898 ಪ್ರಕಾರ 1.13 ಪಟ್ಟು, ಅಂದರೆ 18 ಆಂಪಿಯರ್ ಹರಿದರೆ ಒಂದು ಗಂಟೆ ತನಕ ಟ್ರಿಪ್ ಆಗಬಾರದು. 1.45 ಪಟ್ಟು, ಅಂದರೆ 23.2 ಹರಿದರೆ ಒಂದು ಗಂಟೆಯೊಳಗೆ ಆಗಲೇಬೇಕು. ನೀವಿರುವುದು ಸರಿಯಾಗಿ ಇವೆರಡರ ನಡುವೆ! ಅಲ್ಲಿ ಆದರೂ ಸರಿ, ಆಗದಿದ್ದರೂ ಸರಿ. ಗೀಸರ್‌ನ ಥರ್ಮೋಸ್ಟಾಟ್ ಬೇಗ ಕಟ್ ಆದ ದಿನ ಟ್ರಿಪ್ ಆಗುವುದಿಲ್ಲ. ಈ ಲೆಕ್ಕವೆಲ್ಲ ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗ ಹೇಳಿದ್ದು. ಡಿಬಿ (ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆ) ಒಳಗೆ ಒತ್ತೊತ್ತಾಗಿ ಎಂಸಿಬಿಗಳಿದ್ದು ಅವೂ ಬಿಸಿಯಾಗಿದ್ದರೆ ಇನ್ನೂ ಬೇಗ ಆಗುತ್ತದೆ. ಹಾಗಾಗಿ ನಿಮ್ಮ ಎಂಸಿಬಿ ಕೆಟ್ಟಿಲ್ಲ. ಹಳೆಯದೂ ಕೆಟ್ಟಿರಲಿಕ್ಕಿಲ್ಲ.

ಶಾರ್ಟ್ ಆದಾಗ ಪಟ್ಟಿ ಬಿಸಿಯಾಗುವ ತನಕ ಕಾದರೆ ಮನೆ ಉಳಿಯುವುದಿಲ್ಲ. ಆಗ ಕಾಯಿಲ್‌ನೊಳಗಿನ ಕಡ್ಡಿ, ಅಂದರೆ ಪ್ಲಂಜರ್, ಆಯಸ್ಕಾಂತದ ಎಳೆತಕ್ಕೆ ಚಿಮ್ಮುತ್ತದೆ. ಎಷ್ಟು ಕರೆಂಟ್‌ಗೆ ಚಿಮ್ಮಬೇಕು ಎಂಬುದನ್ನು ಎಂಸಿಬಿಯ ಕರ್ವ್ ಅಕ್ಷರ ಹೇಳುತ್ತದೆ. ಸಿ ಕರ್ವ್ ಎಂಸಿಬಿಯಲ್ಲಿ ಇದು ರೇಟಿಂಗ್‌ನ 5ರಿಂದ 10 ಪಟ್ಟಿನ ನಡುವೆ, ನಿಮ್ಮದು ಸಿ ಆಗಿದ್ದರೆ 80ರಿಂದ 160 ಆಂಪಿಯರ್. ಬಿ ಕರ್ವ್‌ಗೆ 3ರಿಂದ 5 ಪಟ್ಟು. ಒಳ್ಳೆಯ ವಿನ್ಯಾಸಗಳಲ್ಲಿ ಪ್ಲಂಜರ್ ಟ್ರಿಪ್ ಲಿವರನ್ನು ತಳ್ಳಿ ಸುಮ್ಮನಾಗುವುದಿಲ್ಲ, ಅದೇ ಏಟಿಗೆ ಕಾಂಟ್ಯಾಕ್ಟ್ ತೋಳಿಗೂ ಹೋಗಿ ಗುದ್ದುತ್ತದೆ. ಲ್ಯಾಚ್ ಜಾರಿ, ಸ್ಪ್ರಿಂಗ್ ಎಳೆದು, ತೋಳು ಹೊರಡುವ ತನಕವೂ ಕಾಯುವುದು ಬೇಡ ಎಂದು. ನನಗೆ ಇಡೀ ಎಂಸಿಬಿಯಲ್ಲಿ ತುಂಬಾ ಇಷ್ಟವಾಗುವುದು ಈ ಗುದ್ದು.

ಕಾಂಟ್ಯಾಕ್ಟ್ ಬಿಟ್ಟ ಮಾತ್ರಕ್ಕೆ ಕರೆಂಟ್ ನಿಲ್ಲುವುದಿಲ್ಲ, ನಡುವೆ ಆರ್ಕ್, ಅಂದರೆ ಗಾಳಿಯಲ್ಲೇ ಉರಿಯುವ ಕಿಡಿ, ಹೊತ್ತಿಕೊಂಡು ಅದರಲ್ಲೇ ಹರಿಯುತ್ತದೆ. ಆ ಆರ್ಕನ್ನು ಅದರದೇ ಕಾಂತಬಲ ನೀವು ನೋಡಿದ ತಗಡುಗಳ ಕಡೆಗೆ ತಳ್ಳುತ್ತದೆ. ಕಬ್ಬಿಣದ ತಗಡುಗಳೂ ಒಳಕ್ಕೆ ಎಳೆಯುತ್ತವೆ. ಒಂದು ಉದ್ದ ಆರ್ಕ್ ಅಲ್ಲಿ ಹತ್ತು ಹನ್ನೆರಡು ತುಂಡಾಗುತ್ತದೆ. ಪ್ರತಿ ತುಂಡೂ ಉರಿಯಲು ಅದಕ್ಕೆ ಸುಮಾರು 20 ವೋಲ್ಟ್ ಬೇಕು, ಎಲ್ಲ ಸೇರಿ 200 ವೋಲ್ಟ್ ದಾಟಿದರೆ ಲೈನಿನ ವೋಲ್ಟೇಜ್‌ಗೆ ಎದುರು ನಿಂತಂತೆ. ಕರೆಂಟ್ ತನ್ನ ತುದಿ ಮುಟ್ಟುವ ಮೊದಲೇ ಇಳಿಯತೊಡಗುತ್ತದೆ, ಕೆಲವೇ ಮಿಲಿಸೆಕೆಂಡಿನಲ್ಲಿ. ಎಂಸಿಬಿ ಮುಖದ ಮೇಲೆ ಚೌಕದೊಳಗೆ 6000 ಅಥವಾ 10000 ಅಂತ ಬರೆದಿರುತ್ತದಲ್ವಾ, ಅಷ್ಟು ಆಂಪಿಯರ್ ಶಾರ್ಟ್ ಬಂದರೂ ಸಿಡಿಯದೆ ಕಡಿಯಬಲ್ಲದು ಎಂದರ್ಥ. ಇಂಥ ಶಾರ್ಟ್ ಸರ್ಕ್ಯೂಟ್ ಪರೀಕ್ಷೆಯ ಲ್ಯಾಬ್ ನಮ್ಮ ಬೆಂಗಳೂರಿನ ಸಿಪಿಆರ್‌ಐ (ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ) ನಲ್ಲೇ ಇದೆ. ನಿಮ್ಮ ತಗಡಿನ ಮಸಿ ನೋಡಿದರೆ ಅದು ಹಿಂದೆ ಯಾವಾಗಲೋ ಒಂದು ಶಾರ್ಟ್ ಕಡಿದಿರಬಹುದು.

ಹಳೇ_ವೈರ್‌ಮನ್:

ಮೇಷ್ಟ್ರು ಹೇಳಿದ್ದು ಸರಿ. ನಾನು 32ರ ವಿಷಯ ಮಾತ್ರ ಹೇಳುತ್ತೇನೆ. ಬೇಡ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಹಳೇ ಮನೆಯ ಆ ಲೈನಿನಲ್ಲಿ 2.5 ಸ್ಕ್ವೇರ್ ಎಂಎಂ ವೈರ್ ಇದ್ದರೆ ಅದೇ ಪುಣ್ಯ, ಪೈಪಿನೊಳಗೆ ಅದು ತಡೆಯುವುದು 20 ಚಿಲ್ಲರೆ ಆಂಪಿಯರ್. 32ರ ಎಂಸಿಬಿ 36 ಆಂಪಿಯರ್ ಹರಿದರೂ ಒಂದು ಗಂಟೆ ಅಲುಗಾಡಬೇಕಿಲ್ಲ. ಅಷ್ಟರಲ್ಲಿ ವೈರಿನ ಪಿವಿಸಿ ಮೆತ್ತಗಾಗುತ್ತದೆ.

ಡಿಬಿಯಿಂದ ಗೀಸರ್‌ಗೆ ಬೇರೆ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ, ಅದಕ್ಕೆ ಬೇರೆ ಎಂಸಿಬಿ. ಅಡುಗೆಮನೆ ಈಗಿನ 16ರ ಮೇಲೇ ಇರಲಿ. ಹಾಗೇ ಮೇನ್ ಆಫ್ ಮಾಡಿಸಿ ಎಂಸಿಬಿಯ ಟರ್ಮಿನಲ್ ಸ್ಕ್ರೂಗಳನ್ನು ಟೈಟ್ ಮಾಡಿಸಿ. ಲೂಸ್ ಇದ್ದರೆ ಅಲ್ಲಿ ಹುಟ್ಟುವ ಬಿಸಿ ತಾಮ್ರದ ಮೂಲಕ ಬೈಮೆಟಲ್‌ಗೆ ಹೋಗಿ ಲೋಡ್ ಕಮ್ಮಿ ಇದ್ದರೂ ಟ್ರಿಪ್ ಮಾಡಿಸುತ್ತದೆ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇ ಗುರುತು.

ಜೆಪಿನಗರ_ಮೇಂಟೆನೆನ್ಸ್:

ಇದರ ಜೊತೆ ನಂದೊಂದು ಕೇಳಲಾ? ನಮ್ಮ ಅಪಾರ್ಟ್‌ಮೆಂಟಿನ ಸಂಪ್ ಪಂಪ್ ಪ್ಯಾನೆಲ್‌ನಲ್ಲಿ ದೊಡ್ಡ ಬ್ರೇಕರ್ ಇದೆ. ಟ್ರಿಪ್ ಆದರೆ ಲಿವರ್ ಮಧ್ಯದಲ್ಲಿ ನಿಲ್ಲುತ್ತದೆ. ಮೇಲಕ್ಕೆ ಎಷ್ಟು ತಳ್ಳಿದರೂ ಆನ್ ಆಗುವುದಿಲ್ಲ. ಮನೆಯ ಎಂಸಿಬಿ ಹಾಗಲ್ಲವಲ್ಲ?

ಪೀಣ್ಯ_ಪ್ಯಾನೆಲ್:

ಅದು ಎಂಸಿಸಿಬಿ, ಹೆಚ್ಚು ಕರೆಂಟ್‌ಗೆ ಬಳಸುವ ದೊಡ್ಡ ಬ್ರೇಕರ್. ಮನೆಯ ಎಂಸಿಬಿಯಲ್ಲಿ ಲಿವರ್‌ಗೇ ಒಂದು ಪುಟ್ಟ ಸ್ಪ್ರಿಂಗ್ ಇರುತ್ತದೆ, ಟ್ರಿಪ್ ಆದಾಗ ಅದು ಲಿವರನ್ನು ಪೂರ್ತಿ ಕೆಳಗೆ ತರುತ್ತದೆ, ಆ ಚಲನೆಯಲ್ಲೇ ಲ್ಯಾಚ್ ಮತ್ತೆ ಕೂತುಬಿಡುತ್ತದೆ. ಎಂಸಿಸಿಬಿಯ ಸ್ಪ್ರಿಂಗ್‌ಗಳು ಬಲವಾದವು, ಲ್ಯಾಚ್ ಕೂರಿಸುವ ಕೆಲಸವನ್ನು ನಿಮ್ಮ ಕೈಗೇ ಬಿಟ್ಟಿದ್ದಾರೆ. ಮಧ್ಯದಲ್ಲಿ ನಿಂತಿದೆ ಅಂದರೆ ಯಾರೂ ಆಫ್ ಮಾಡಿಲ್ಲ, ತಾನೇ ಟ್ರಿಪ್ ಆಗಿದೆ ಅಂತ ದೂರದಿಂದಲೇ ಗೊತ್ತಾಗುವ ಲಾಭವೂ ಇದೆ. ಮೊದಲು ಲಿವರನ್ನು ಆಫ್‌ನ ಕೊನೆ ತನಕ ಜೋರಾಗಿ ಒತ್ತಿ, ಲ್ಯಾಚ್ ಕೂತದ್ದು ಕ್ಲಿಕ್ ಅಂತ ಕೈಗೆ ತಿಳಿಯುತ್ತದೆ, ಆಮೇಲೆ ಮೇಲೆತ್ತಿ. ಆದರೆ ಅದಕ್ಕೂ ಮುಂಚೆ ಮೋಟಾರ್ ಮತ್ತು ಕೇಬಲನ್ನು ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ ನೋಡಿ. ಸಂಪ್‌ನಲ್ಲಿ ನೀರಿಗೆ ಬಿದ್ದ ಕೇಬಲ್ ಜಾಯಿಂಟ್ ಇದ್ದರೆ ಅದನ್ನೇ ಮೊದಲು ಅನುಮಾನಿಸಿ.