ಪ್ಲೇಟ್‌ಲೆಟ್ – ಲಿವರ್ ಕ್ಯಾನ್ಸರ್ ಎಂಆರ್: ಆಡ್ಸ್ ರೇಶಿಯೊ 0.9997 ಬರುತ್ತಿದೆ, ಜಪಾನ್ ಡೇಟಾದಲ್ಲಿ ಏನೂ ಇಲ್ಲ. ಎಲ್ಲಿ ಎಡವಟ್ಟು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ರಕ್ತದ ಪ್ಲೇಟ್‌ಲೆಟ್ ಸಂಖ್ಯೆಗೂ ಲಿವರ್ ಕ್ಯಾನ್ಸರ್‌ಗೂ ಕಾರಣದ ನಂಟು ಇದೆಯಾ ಅಂತ ಮೆಂಡೀಲಿಯನ್ ರ‍್ಯಾಂಡಮೈಸೇಶನ್ (ಎಂಆರ್, ಅಂದರೆ ಹುಟ್ಟಿನಿಂದ ಬಂದ ಡಿಎನ್‌ಎ ವ್ಯತ್ಯಾಸಗಳನ್ನು ಬಳಸಿ ಕಾರಣ ಹುಡುಕುವ ವಿಧಾನ) ಮಾಡಿ ನೋಡುತ್ತಿದ್ದೇನೆ. ಪ್ಲೇಟ್‌ಲೆಟ್ ಸ್ನಿಪ್‌ಗಳನ್ನು (ಡಿಎನ್‌ಎಯಲ್ಲಿ ಒಂದಕ್ಷರದ ವ್ಯತ್ಯಾಸಗಳು) 2020ರ ದೊಡ್ಡ ಯುರೋಪಿಯನ್ ಜಿವಾಸ್‌ನಿಂದ (ಇಡೀ ಜೀನೋಮಿನಲ್ಲಿ ಇಂಥ ಸ್ನಿಪ್ ಹುಡುಕುವ ಅಧ್ಯಯನ) ತೆಗೆದುಕೊಂಡೆ (5,63,085 ಜನರದ್ದು). ಕ್ಯಾನ್ಸರ್ ಕಡೆಗೆ ಎರಡು ಫೈಲ್: ಒಂದು ಯುಕೆ ಬಯೋಬ್ಯಾಂಕ್, ಇನ್ನೊಂದು ಬಯೋಬ್ಯಾಂಕ್ ಜಪಾನ್. ಪಿ ವ್ಯಾಲ್ಯೂ 5×10⁻⁸, ಕ್ಲಂಪಿಂಗ್ (ಒಟ್ಟಿಗೇ ಬರುವ ಸ್ನಿಪ್‌ಗಳಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳುವುದು) 0.001 ಮತ್ತು 10,000 ಕೆಬಿ. ಎಲ್ಲ ಟೂಸ್ಯಾಂಪಲ್‌ಎಂಆರ್ ಪ್ಯಾಕೇಜಿನಲ್ಲೇ.

ಯುಕೆಯಲ್ಲಿ ಆಡ್ಸ್ ರೇಶಿಯೊ 0.9997 (1 ಅಂದರೆ ಪರಿಣಾಮ ಇಲ್ಲ, 1ಕ್ಕಿಂತ ಕಡಿಮೆ ಅಂದರೆ ಅಪಾಯ ಕಡಿಮೆ). ಪಿ ವ್ಯಾಲ್ಯೂ ಮಾತ್ರ ಚೆನ್ನಾಗಿದೆ. ಜಪಾನಿನಲ್ಲಿ ರೇಶಿಯೊ 1ರ ಅಕ್ಕಪಕ್ಕ, ಕಾನ್ಫಿಡೆನ್ಸ್ ಇಂಟರ್ವಲ್ ಮಾತ್ರ ತುಂಬಾ ಅಗಲ. ಅಲ್ಲಿ ಒಂದಷ್ಟು ಸ್ನಿಪ್‌ಗಳು ಹಾರ್ಮೊನೈಸ್ (ಎರಡೂ ಫೈಲಿನ ಡಿಎನ್‌ಎ ಅಕ್ಷರಗಳನ್ನು ಹೊಂದಿಸುವ) ಹಂತದಲ್ಲೇ ಬಿದ್ದುಹೋಗುತ್ತಿವೆ. ‘ಪ್ಲೇಟ್‌ಲೆಟ್ ಜಾಸ್ತಿ ಇದ್ದರೆ ಕ್ಯಾನ್ಸರ್ ಕಡಿಮೆ’ ಅಂತ ಬರೆಯಬಹುದಾ?

ಗಣಿತದ_ಗುಂಡ

ಈಗಲೇ ಬರೆಯಬೇಡಿ. ಮೊದಲು ಆ 0.9997 ನೋಡೋಣ. ಯುಕೆ ಫೈಲಿನ ವಿವರದಲ್ಲಿ ಬೋಲ್ಟ್-ಎಲ್‌ಎಂಎಂ (ಜಿವಾಸ್ ಲೆಕ್ಕ ಹಾಕುವ ಒಂದು ಸಾಫ್ಟ್‌ವೇರ್) ಅಂತ ಇದೆಯಾ? ಇದ್ದರೆ ಅದರ ಬೀಟಾ (ಸ್ನಿಪ್‌ನ ಪರಿಣಾಮದ ಅಳತೆ) ಲಾಗ್ ಆಡ್ಸ್ ಅಲ್ಲ. ರೋಗ ಇದೆ/ಇಲ್ಲ ಅನ್ನೋದನ್ನು 1 ಮತ್ತು 0 ಅಂತ ಇಟ್ಟು ನೇರ ರೇಖೆ ಹಾಕಿರುತ್ತಾರೆ. ಕಾಯಿಲೆ ಅಪರೂಪವಾದರೆ ಬೀಟಾ ತೀರಾ ಚಿಕ್ಕದಾಗಿ ಬರುತ್ತದೆ. ಅದನ್ನೇ ಎಕ್ಸ್‌ಪೊನೆನ್ಶಿಯಲ್‌ಗೆ ಹಾಕಿದರೆ ಎಲ್ಲ ಉತ್ತರವೂ 1ಕ್ಕೆ ಅಂಟಿಕೊಂಡಿರುತ್ತದೆ.

ಬೀಟಾ ಮತ್ತು ಸ್ಟ್ಯಾಂಡರ್ಡ್ ಎರರ್ ಎರಡನ್ನೂ μ(1−μ)ನಿಂದ ಭಾಗಿಸಿ. μ ಅಂದರೆ ಒಟ್ಟು ಜನರಲ್ಲಿ ರೋಗಿಗಳ ಪಾಲು. ಸಾವಿರಕ್ಕೆ ಒಬ್ಬರು ಅಂದುಕೊಂಡರೆ ಭಾಗಿಸುವ ಸಂಖ್ಯೆ ಹತ್ತಿರ ಹತ್ತಿರ 0.001. ಆಗ −0.0003 ಇದ್ದದ್ದು −0.3 ಆಗುತ್ತದೆ, ಆಡ್ಸ್ ರೇಶಿಯೊ 0.74. ಪಿ ವ್ಯಾಲ್ಯೂ ಬದಲಾಗುವುದಿಲ್ಲ, ಅದಕ್ಕೇ ಅದು ಮೊದಲಿಂದಲೂ ಚೆನ್ನಾಗಿ ಕಂಡಿದ್ದು. ಜಪಾನ್ ಫೈಲ್ ಸೇಜ್ ವಿಧಾನದ್ದಾದರೆ ಅದು ಆಗಲೇ ಲಾಗ್ ಆಡ್ಸ್. ಅದನ್ನು ಮುಟ್ಟಬೇಡಿ.

ಈ 0.999 ಥರದ ಆಡ್ಸ್ ರೇಶಿಯೊ ಅಚ್ಚಾದ ಪೇಪರುಗಳಲ್ಲೂ ಸಿಗುತ್ತದೆ. ಯಾರೂ ಕೇಳುವುದಿಲ್ಲ, ಸುಮ್ನೆ ಮುಂದೆ ಹೋಗುತ್ತಾರೆ.

ನವಿಲುಗರಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಓಪನ್‌ಜಿವಾಸ್‌ನಿಂದ (ಜಿವಾಸ್ ಫಲಿತಾಂಶಗಳ ತಾಣ) ಡೇಟಾನೇ ಇಳಿಯುತ್ತಿಲ್ಲ, 401 ಎರರ್.

ಗಣಿತದ_ಗುಂಡ

2024ರ ಮೇ ತಿಂಗಳಿಂದ ಟೋಕನ್ ಬೇಕು. ಅವರ ಸೈಟಿನಲ್ಲಿ ಲಾಗಿನ್ ಆಗಿ ತೆಗೆದುಕೊಂಡು ಆರ್ ಎನ್ವಿರಾನ್ಮೆಂಟ್ ಫೈಲಿನಲ್ಲಿ ಹಾಕಿ. ಅವಧಿ ಮುಗಿದರೆ ಮತ್ತೆ ತೆಗೆಯಬೇಕು.

ಕಾಫಿಗಿಡ

ತುಂಗಾತೀರ ಅವರೇ, ಗುಂಡ ಹೇಳಿದ್ದು ಸರಿ. ಆದರೆ ಅಳತೆ ಸರಿಯಾದ ಮೇಲೂ ದೊಡ್ಡ ತೊಂದರೆ ಹಾಗೇ ಉಳಿಯುತ್ತದೆ. ನಿಮ್ಮ ಉತ್ತರದ ದಿಕ್ಕು ನೋಡಿ.

ಲಿವರ್ ಸಿರೋಸಿಸ್ ಆದವರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿ ಗುಲ್ಮ ದಪ್ಪವಾಗುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಪ್ಲೇಟ್‌ಲೆಟ್ ಹುಟ್ಟಿಸುವ ಥ್ರಾಂಬೊಪೊಯೆಟಿನ್ ಮುಖ್ಯವಾಗಿ ಲಿವರ್‌ನಲ್ಲೇ ತಯಾರಾಗುವುದರಿಂದ ಅದೂ ಕಡಿಮೆಯಾಗುತ್ತದೆ. ಡಾಕ್ಟರುಗಳು ಲಿವರ್ ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡುವ ಫಿಬ್-4 ಲೆಕ್ಕದಲ್ಲಿ ಪ್ಲೇಟ್‌ಲೆಟ್ ಇರುವುದೂ ಇದಕ್ಕೇ. ಹಾಗಾಗಿ ಪ್ಲೇಟ್‌ಲೆಟ್ ಕಡಿಮೆ, ಕ್ಯಾನ್ಸರ್ ಜಾಸ್ತಿ ಅನ್ನೋದು ಕೆಟ್ಟ ಲಿವರ್‌ನ ನೆರಳು ಅಷ್ಟೇ ಆಗಿರಬಹುದು.

ಪ್ಲೇಟ್‌ಲೆಟ್ ತಾನೇ ಏನಾದರೂ ಮಾಡುತ್ತಿದ್ದರೆ ದಿಕ್ಕು ಉಲ್ಟಾ ಇರಬೇಕು ಅಂತ ನನ್ನ ಅನಿಸಿಕೆ. 2012ರಲ್ಲಿ ಹೆಪಟೈಟಿಸ್ ಬಿ ಇಲಿಗಳಿಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಕೊಟ್ಟು ಪ್ಲೇಟ್‌ಲೆಟ್ ಕೆಲಸ ತಗ್ಗಿಸಿದಾಗ ಲಿವರ್ ಕ್ಯಾನ್ಸರ್ ಕಡಿಮೆಯಾಯಿತು. ಅಂದರೆ ಅಲ್ಲಿ ಪ್ಲೇಟ್‌ಲೆಟ್ ಕೇಡು ಮಾಡುವ ಪಾತ್ರದಲ್ಲಿದೆ. ನಿಮ್ಮದರಲ್ಲಿ ಕಾಪಾಡುವ ಪಾತ್ರದಲ್ಲಿದೆ. ಅನುಮಾನ ಬರುವುದಿಲ್ವಾ?

‘ವಂಶವಾಹಿ ಹುಟ್ಟಿನಿಂದಲೇ ಬರುತ್ತೆ, ಆಮೇಲಿನ ರೋಗ ಅದನ್ನು ಬದಲಿಸಲ್ಲ, ಆದ್ದರಿಂದ ಎಂಆರ್‌ನಲ್ಲಿ ಈ ತೊಂದರೆ ಇಲ್ಲ’ ಅಂತ ನೀವು ಹೇಳಬಹುದು. ಸ್ನಿಪ್ ಬದಲಾಗುವುದಿಲ್ಲ, ನಿಜ. ಆದರೆ ಆ ಸ್ನಿಪ್ ಪ್ಲೇಟ್‌ಲೆಟ್ ಪಟ್ಟಿಗೆ ಯಾವ ದಾರಿಯಿಂದ ಬಂತು ಅಂತ ನೋಡಬೇಕು. ಪಟ್ಟಿಯಲ್ಲಿ ಆರ್‌ಎಸ್738409 ಹುಡುಕಿ. ಅದು 22ನೇ ಕ್ರೋಮೋಸೋಮಿನ ಪಿಎನ್‌ಪಿಎಲ್‌ಎ3 ಜೀನಿನದು, 2008ರಲ್ಲಿ ಲಿವರ್ ಕೊಬ್ಬಿಗೆ ನಂಟಿದೆ ಅಂತ ಗೊತ್ತಾದದ್ದು. ಅದರ ಜಿ ಆಲೀಲ್ (ಆ ಜಾಗದಲ್ಲಿ ಜಿ ಅಕ್ಷರ ಇರುವ ರೂಪ) ಇದ್ದರೆ ಕೊಬ್ಬು, ಸಿರೋಸಿಸ್, ಕ್ಯಾನ್ಸರ್ ಮೂರೂ ಜಾಸ್ತಿ. ಐದು ಲಕ್ಷ ಜನರ ಜಿವಾಸ್‌ನಲ್ಲಿ ಲಿವರ್ ಹಾಳಾಗಿ ಪ್ಲೇಟ್‌ಲೆಟ್ ಇಳಿದದ್ದೂ ‘ಪ್ಲೇಟ್‌ಲೆಟ್ ಸ್ನಿಪ್’ ಅಂತ ಎದ್ದು ಕಾಣುತ್ತದೆ.

ತುಂಗಾತೀರ

ಬೋಲ್ಟ್ ಅಂತಲೇ ಇತ್ತು, ಭಾಗಿಸಿದ ಮೇಲೆ 0.7ರ ಆಸುಪಾಸಿಗೆ ಬಂತು. ಥ್ಯಾಂಕ್ಸ್ ಗುಂಡ ಸರ್. ಆರ್‌ಎಸ್738409 ಯುಕೆ ಪಟ್ಟಿಯಲ್ಲಿದೆ. ಲೀವ್-ಒನ್-ಔಟ್ (ಒಂದೊಂದೇ ಸ್ನಿಪ್ ಬಿಟ್ಟು ಲೆಕ್ಕ ಹಾಕಿದ) ಚಿತ್ರದಲ್ಲಿ ಅದನ್ನು ತೆಗೆದ ಸಾಲೊಂದೇ 1ರ ಗೆರೆ ದಾಟುತ್ತಿದೆ. ಆದರೆ ಜಪಾನ್ ಪಟ್ಟಿಯಲ್ಲಿ ಅದೇ ಮಾಯ!

ಗಣಿತದ_ಗುಂಡ

ಮಾಯ ಆಗಲೇಬೇಕು. ಅದು ಸಿ/ಜಿ ಸ್ನಿಪ್, ಅಂದರೆ ಪ್ಯಾಲಿಂಡ್ರೋಮಿಕ್. ಎದುರು ಎಳೆಯಲ್ಲಿ ಓದಿದರೂ ಸಿ ಮತ್ತು ಜಿನೇ ಸಿಗುತ್ತದೆ. ಯಾವ ಎಳೆ ಅಂತ ತಿಳಿಯಲು ಪ್ಯಾಕೇಜು ಆಲೀಲ್ ಫ್ರೀಕ್ವೆನ್ಸಿ ನೋಡುತ್ತದೆ. ಯುರೋಪಿನಲ್ಲಿ ಜಿ 0.22ರ ಹತ್ತಿರ, ಗೊಂದಲ ಇಲ್ಲ. ಜಪಾನಿನಲ್ಲಿ ಅದು ಅರ್ಧದ ಕಡೆಗೆ ಸರಿಯುತ್ತದೆ. ಡೀಫಾಲ್ಟ್ ಮಿತಿಯಲ್ಲಿ 0.42ರಿಂದ 0.58ರ ಒಳಗೆ ಬಂದರೆ ತೆಗೆದುಹಾಕುತ್ತದೆ.

ಅದನ್ನೂ ನೋಡಬೇಕಾದರೆ ಪಕ್ಕದ ಆರ್‌ಎಸ್738408 ಹಾಕಿ. ಅದು ಸಿ/ಟಿ, ಮೂರೇ ಬೇಸ್ ದೂರ, ಎರಡೂ ಜೊತೆಯಾಗೇ ಬರುತ್ತವೆ. ಅದನ್ನು ಹಾಕಿದಾಗ ಜಪಾನ್ ಉತ್ತರವೂ ಕೆಳಗೆ ಜಾರಿದರೆ ಕಾಫಿಗಿಡ ಅವರ ಮಾತಿಗೆ ಇನ್ನಷ್ಟು ಬಲ.

ಇನ್ನೊಂದು: ಯುರೋಪಿನಲ್ಲಿ ಆರಿಸಿದ ಸ್ನಿಪ್ ಜಪಾನಿನಲ್ಲಿ ಅದೇ ಜೀನನ್ನು ಹಿಡಿಯುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಪೂರ್ವ ಏಷ್ಯಾದವರ ಪ್ಲೇಟ್‌ಲೆಟ್ ಜಿವಾಸ್ ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಅದರಲ್ಲೂ ಬಯೋಬ್ಯಾಂಕ್ ಜಪಾನಿನವರೇ ಇರುತ್ತಾರೆ, ಸ್ಯಾಂಪಲ್ ಓವರ್‌ಲ್ಯಾಪ್ ಬರುತ್ತದೆ. ಯುಕೆಯಲ್ಲೂ ನಿಮಗೆ ಆ ತೊಂದರೆ ಈಗಲೇ ಇದೆ. ಸ್ನಿಪ್‌ಗಳು ಬಲವಾಗಿದ್ದರೆ ನಾನು ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ತುಂಗಾತೀರ

ಸ್ಟೈಗರ್ ಫಿಲ್ಟರ್ (ಕಾರಣ ಯಾವುದು, ಪರಿಣಾಮ ಯಾವುದು ಅಂತ ಪರೀಕ್ಷಿಸುವುದು) ಹಾಕಿದೆ, ಅದು ಈ ಸ್ನಿಪ್ಪನ್ನು ಪಾಸ್ ಮಾಡಿಬಿಟ್ಟಿತು. ಹೇಗೆ? ಇನ್ನು ಕೆಂಪು ಕಣ, ಬಿಳಿ ಕಣ ಎಲ್ಲವನ್ನೂ ಹೀಗೇ ಓಡಿಸೋಣ ಅಂತಿದ್ದೇನೆ.

ಕಾಫಿಗಿಡ

ಸ್ಟೈಗರ್ ಹೋಲಿಸುವುದು ಪ್ಲೇಟ್‌ಲೆಟ್ ಮತ್ತು ಕ್ಯಾನ್ಸರ್ ಎರಡನ್ನೇ. ಇಲ್ಲಿ ಮೂಲದಲ್ಲಿ ಇರುವುದು ಮೂರನೆಯದು, ಲಿವರ್ ರೋಗ. ರೋಗಿಗಳೂ ಕಡಿಮೆ ಇದ್ದಾಗ ಅದು ಪಾಸ್ ಮಾಡಿದರೆ ಅಚ್ಚರಿಯಿಲ್ಲ. ಪ್ರತಿ ಸ್ನಿಪ್ಪನ್ನೂ ಎಎಲ್‌ಟಿ (ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವ) ಜಿವಾಸ್‌ನಲ್ಲಿ ಹುಡುಕಿ, ಅಲ್ಲೂ ಬಲವಾಗಿ ಕಂಡವನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ಓಡಿಸಿ. ಇಟ್ಟುಕೊಂಡು ಬಂದದ್ದು, ಬಿಟ್ಟು ಬಂದದ್ದು ಎರಡೂ ವರದಿಯಲ್ಲಿ ಇರಲಿ. ಬೇಕಾದ್ದನ್ನಷ್ಟೇ ಆರಿಸಿದರು ಅನ್ನಿಸಬಾರದು.

ಕೆಂಪು ಕಣಕ್ಕೆ ಹೋದರೆ ಇದೇ ಕಥೆ ಬೇರೆ ವೇಷದಲ್ಲಿ ಬರುತ್ತದೆ. ಎಂಸಿಎಚ್ (ಒಂದು ಕೆಂಪು ಕಣದಲ್ಲಿರುವ ಸರಾಸರಿ ಹಿಮೋಗ್ಲೋಬಿನ್) ಪಟ್ಟಿಯಲ್ಲಿ ಎಚ್‌ಎಫ್‌ಇ ಜೀನಿನ ಆರ್‌ಎಸ್1800562 ಇದ್ದೇ ಇರುತ್ತದೆ. ಅದು ಸಿ282ವೈ, ದೇಹದಲ್ಲಿ ಕಬ್ಬಿಣ ತುಂಬಿಸುವ ರೂಪಾಂತರ. ಕಬ್ಬಿಣ ಹೆಚ್ಚಾದರೆ ಹಿಮೋಗ್ಲೋಬಿನ್ ಏರುತ್ತದೆ. ಎರಡು ಪ್ರತಿ ಇರುವವರಲ್ಲಿ, ಅದರಲ್ಲೂ ಗಂಡಸರಲ್ಲಿ, ಅದೇ ಕಬ್ಬಿಣ ಲಿವರ್ ಕೆಡಿಸಿ ಕ್ಯಾನ್ಸರ್ ಅಪಾಯವನ್ನೂ ಏರಿಸುತ್ತದೆ. ಕೆಂಪು ಕಣದ್ದೇನೂ ತಪ್ಪಿಲ್ಲ. ಬಿಳಿ ಕಣಕ್ಕೆ ಎಸ್‌ಎಚ್2ಬಿ3 ಜೀನಿನ ಆರ್‌ಎಸ್3184504 ಮೇಲೆ ಕಣ್ಣಿಡಿ. ಅದು ಪ್ಲೇಟ್‌ಲೆಟ್, ಈಸಿನೊಫಿಲ್, ರಕ್ತದೊತ್ತಡ ಎಲ್ಲದರಲ್ಲೂ ಕೈ ಆಡಿಸುತ್ತದೆ.

ತುಂಗಾತೀರ

ಎಎಲ್‌ಟಿ ಸ್ನಿಪ್‌ಗಳನ್ನು ಬಿಟ್ಟು ಓಡಿಸಿದೆ. ಐವಿಡಬ್ಲ್ಯೂ (ಎಲ್ಲ ಸ್ನಿಪ್‌ಗಳ ಅಂದಾಜಿನ ತೂಕದ ಸರಾಸರಿ) ಇಂಟರ್ವಲ್ 1ರ ಎರಡೂ ಬದಿಗೆ ಚಾಚಿದೆ, ವೇಯ್ಟೆಡ್ ಮೀಡಿಯನ್ ಕೂಡ ಹಾಗೇ. ಹಾಗಾದರೆ ‘ಪ್ಲೇಟ್‌ಲೆಟ್‌ಗೂ ಕ್ಯಾನ್ಸರ್‌ಗೂ ಸಂಬಂಧ ಇಲ್ಲ’ ಅಂತ ಬರೆಯಲಾ?

ಗಣಿತದ_ಗುಂಡ

ಅದೂ ಬೇಡ. ರೋಗಿಗಳ ಸಂಖ್ಯೆ ಇಷ್ಟು ಕಡಿಮೆ ಇದ್ದಾಗ ಅಗಲ ಇಂಟರ್ವಲ್ ಅಂದರೆ ‘ಗೊತ್ತಾಗಲಿಲ್ಲ’ ಅಂತ. ಫಿನ್‌ಜೆನ್ (ಫಿನ್ಲೆಂಡಿನ ಜನರ) ಫೈಲನ್ನೂ ಸೇರಿಸಿ ಮೆಟಾ (ಫಲಿತಾಂಶಗಳನ್ನು ಒಟ್ಟುಗೂಡಿಸುವ ಲೆಕ್ಕ) ಮಾಡಿ ನೋಡಿ. ಅದು ಜಿಆರ್‌ಸಿಎಚ್38 (ಜೀನೋಮ್ ನಕ್ಷೆಯ ಆವೃತ್ತಿ), ನಿಮ್ಮ ಪ್ಲೇಟ್‌ಲೆಟ್ ಫೈಲ್ 37. ಪೊಸಿಶನ್ ಇಟ್ಟುಕೊಂಡು ಜೋಡಿಸಿದರೆ ಎಲ್ಲ ಕಲಸುಮೇಲೋಗರ. ಆರ್‌ಎಸ್ ನಂಬರಿನಿಂದಲೇ ಜೋಡಿಸಿ, ಎಫೆಕ್ಟ್ ಆಲೀಲ್ ಅಲ್ಲಿ ‘ಆಲ್ಟ್’ ಕಾಲಮ್.