ಜೋಡು ನಳಿಗೆ ಕೋವಿಗೆ ಸೆರಾಮಿಕ್ ಕೋಟಿಂಗ್ ಮಾಡಿಸುವುದು: ಎಲ್ಲಿ ಕೆಡ್ತದೆ?

ತೋಟದಬದಿ, ಮುಳ್ಳೇರಿಯ:
ಕೃಷಿ ರಕ್ಷಣೆಯ ಲೈಸೆನ್ಸ್ ಇರುವ 12 ಬೋರಿನ ತೋಟೆ ಕೋವಿ. ಎರಡು ನಳಿಗೆ ಅಕ್ಕಪಕ್ಕ ಇರುವ ಮಾದರಿ. ಹೊರಮೈಯ ಬ್ಲೂಯಿಂಗ್ (ಉಕ್ಕಿನ ಕಪ್ಪು ಹೊದಿಕೆ) ಮುಕ್ಕಾಲು ಪಾಲು ಹೋಗಿ, ಕೈ ತಾಗುವಲ್ಲೆಲ್ಲ ಕೆಂಪು ತುಕ್ಕು. ಒಂದೆರಡು ಕಡೆ ಉಗುರಿಗೆ ಸಿಗುವಷ್ಟು ಗುಳಿ ಉಂಟು. ಕೇರಳದಲ್ಲಿ ಹಂದಿ ಹೊಡೆಯಲು ಪಂಚಾಯತು ಅಧ್ಯಕ್ಷರೇ ಅಪ್ಪಣೆ ಕೊಡುವ ಕ್ರಮ 2022ರಲ್ಲಿ ಬಂದ ಮೇಲೆ ಕೋವಿ ಮಳೆಗಾಲದಲ್ಲೂ ಹೊರಗೆ ಬರ್ತದೆ. ಚುನಾವಣೆ ಬಂದರೆ ಕೋವಿ ವಾರಗಟ್ಟಲೆ ಪೊಲೀಸ್ ಠಾಣೆಯಲ್ಲಿ ಠೇವಣಿ.

ಮತ್ತೆ ಬ್ಲೂಯಿಂಗ್ ಮಾಡಿಸುವುದಾ, ಸೆರಾಮಿಕ್ ಕೋಟಿಂಗಾ? ಮಂಗಳೂರಿನಲ್ಲಿ ಕಾರಿಗೆ ಸೆರಾಮಿಕ್ ಹಾಕುವ ಅಂಗಡಿ ಬೇಕಾದಷ್ಟು ಉಂಟು, ಅಲ್ಲಿ ಆಗ್ತದಾ? ಜತೆಗೆ ಬೈಕಿನ ಸೈಲೆನ್ಸರ್ ಬೆಂಡ್, ಮೈಲುತುತ್ತು ಬಿಡುವ ಪಂಪಿನ ಕಬ್ಬಿಣದ ಸ್ಟ್ಯಾಂಡ್, ಎರಡು ಕತ್ತಿ ಇವನ್ನೂ ಒಟ್ಟಿಗೇ ಮಾಡಿಸಬಹುದಾ?

ಗಡಿಯಾಚೆ, ತಲಪಾಡಿ:
ಮೊದಲು ಹೆಸರಿನ ಗೊಂದಲ ಬಿಡಿಸುವ. ಕಾರಿಗೆ ಹಾಕುವುದು ಬಟ್ಟೆಯಲ್ಲಿ ಉಜ್ಜುವ ಸಿಲಿಕಾ ದ್ರವ. ಅದು ಪೇಂಟಿನ ಮೇಲೆ ಕೂತು ಹೊಳಪು ಉಳಿಸ್ತದೆ, ನೀರು ಜಾರಿಸ್ತದೆ, ಅಷ್ಟೇ. ಬರೀ ಉಕ್ಕಿನ ಮೇಲೆ ಹಾಕಿದರೆ ತುಕ್ಕು ನಿಲ್ಲುವುದಿಲ್ಲ. ಕೋವಿಗೆ ಹೇಳುವ ಸೆರಾಮಿಕ್ ಅಂದರೆ ಸೆರಾಕೋಟ್ ಅನ್ನುವ ಬ್ರ್ಯಾಂಡಿನಂಥದ್ದು: ರಾಳದಲ್ಲಿ ಸೆರಾಮಿಕ್ ಕಣ ಬೆರೆಸಿದ ಬಣ್ಣ, ಗನ್ನಿನಲ್ಲಿ ಸ್ಪ್ರೇ ಮಾಡಿ ಓವನ್ನಿನಲ್ಲಿ ಬೇಯಿಸುವುದು. ಗೇಟಿಗೆ, ಗ್ರಿಲ್ಲಿಗೆ ಮಾಡುವ ಪೌಡರ್ ಕೋಟಿಂಗ್ ಮೂರನೆಯದು. ಅದು 60ರಿಂದ 80 ಮೈಕ್ರಾನ್ ದಪ್ಪ, ಬೇಯುವುದು 180ರಿಂದ 200 ಡಿಗ್ರಿಯಲ್ಲಿ. ಕೋವಿಗೆ ಎರಡೂ ಜಾಸ್ತಿ.

ಬ್ಲೂಯಿಂಗ್ ಅಂದರೆ ಉಕ್ಕಿನ ಮೈಯನ್ನೇ ಕಪ್ಪು ಆಕ್ಸೈಡ್ ಮಾಡುವುದು. ಎಣ್ಣೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ, ಎಣ್ಣೆ ಒಣಗಿದ ದಿನ ರಕ್ಷಣೆಯೂ ಮುಗಿಯಿತು. ನಮ್ಮ ಉಪ್ಪುಗಾಳಿಗೆ ಅದು ಸಾಲದು.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಪೌಡರ್ ಕೋಟಿಂಗ್ ಶೆಡ್ಡಿನವರಿಗೆ, ಕಾರಿನ ಅಂಗಡಿಯವರಿಗೆ ಅದು ಇರುವುದಿಲ್ಲ. 'ನಳಿಗೆ ಮಾತ್ರ ಬಿಚ್ಚಿ ಕೊಡ್ತೇನೆ, ಅದು ಬರೀ ಪೈಪಲ್ಲವಾ' ಅಂತ ಕೇಳುವವರಿದ್ದಾರೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಡಿಭಾಗವೂ ಆಯುಧವೇ. ಲೈಸೆನ್ಸ್ ಇರುವ ಡೀಲರ್ ಅಥವಾ ಗನ್‌ಸ್ಮಿತ್ ಹತ್ತಿರವೇ ಕೊಟ್ಟು, ಕೋವಿಯ ನಂಬರು, ನಿಮ್ಮ ಲೈಸೆನ್ಸ್ ನಂಬರು ಎರಡೂ ಬರೆದ ರಸೀದಿ ತೆಗೆದುಕೊಳ್ಳಿ. ತಲಪಾಡಿಯಲ್ಲಿ ರಾಜ್ಯದ ಗಡಿ ದಾಟುವ ಮುಂಚೆ ಲೈಸೆನ್ಸಿನಲ್ಲಿ ವ್ಯಾಪ್ತಿ ಎಂತ ಬರೆದಿದೆ ನೋಡಿ. ಕೇರಳ ಮಾತ್ರ ಅಂತ ಇದ್ದರೆ ಮಂಗಳೂರು ಎಷ್ಟು ಹತ್ತಿರವಾದರೂ ನಿಮಗೆ ಪರರಾಜ್ಯವೇ; ಮೊದಲು ಕಾಸರಗೋಡು ಕಲೆಕ್ಟರೇಟಿನಲ್ಲಿ ಕೇಳಿ.

ಅದೇ ಕಾಯ್ದೆಯ 8ನೇ ಕಲಮು ಕೋವಿಯ ನಂಬರು, ಗುರುತು ಅಳಿಸುವುದನ್ನು ನಿಷೇಧಿಸುತ್ತದೆ. ಹಳೇ ಕೋವಿಯ ಅಚ್ಚು ಆಳ ಇರುವುದಿಲ್ಲ. ಗಾಳಿಯ ಒತ್ತಡದಲ್ಲಿ ಗಟ್ಟಿ ಕಣ ಎರಚಿ ಮೈ ಕೆರೆಯುವ ಬ್ಲಾಸ್ಟಿಂಗ್ ಗನ್ ಅಲ್ಲೇ ನಿಲ್ಲಿಸಿ ಹಿಡಿದರೆ ಅಂಚು ಸವೀತದೆ, ಮೇಲಿಂದ ಎರಡು ಮೂರು ಕೋಟು ಬಿದ್ದರೆ ತುಂಬಿಯೇ ಹೋಗ್ತದೆ. ನಂಬರು, ಪ್ರೂಫ್ ಮುದ್ರೆ (ನಳಿಗೆ ಪರೀಕ್ಷೆ ಮಾಡಿದ ಗುರುತು) ಇರುವ ಜಾಗಕ್ಕೆ ಟೇಪು ಹಾಕಿ ಬ್ಲಾಸ್ಟ್ ಮಾಡಲು ಬರೆದು ಕೊಡಿ. ಕೊಡುವ ಮುಂಚೆ ಹತ್ತಿರದಿಂದ ಫೋಟೋ ತೆಗೆದಿಡಿ.

ಗಾರ್ನೆಟ್ 100:
ಮೇಲಿನವರು ಹೇಳಿದ್ದು ಸರಿ. ನಾನು ಕೆಲಸದ ಕ್ರಮ ಹೇಳ್ತೇನೆ, ಎಂತೆಂಥ ಪ್ರಶ್ನೆ ಕೇಳಬೇಕು ಅಂತ ಗೊತ್ತಾಗಲಿ. ಈ ಕೋಟಿಂಗಿನಲ್ಲಿ ಸ್ಪ್ರೇ ಮಾಡುವುದು ಹದಿನೈದು ನಿಮಿಷದ ಕೆಲಸ. ಉಳಿದದ್ದೆಲ್ಲ ಅದಕ್ಕೆ ಮುಂಚಿನದ್ದು, ಕೆಡುವುದೂ ಅಲ್ಲೇ.

ಮರದ ಹಿಡಿ, ಸ್ಪ್ರಿಂಗು, ಪಿನ್ನು ಎಲ್ಲ ಬಿಚ್ಚಿ ಲೋಹದ ಭಾಗಗಳನ್ನು ಅಸಿಟೋನಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಆಮೇಲೆ 150 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ. ಇದು ಒಣಗಿಸಲಿಕ್ಕಲ್ಲ, ಸಂದಿಯಲ್ಲಿ ಕೂತ ಹಳೇ ಎಣ್ಣೆ ಬಿಸಿಗೆ ತೆಳುವಾಗಿ ಹೊರಗೆ ಒಸರಲಿ ಅಂತ. ಹೊರಗೆ ತೆಗೆದಾಗ ಕಂದು ಗೆರೆ ಕಂಡರೆ ಮತ್ತೆ ಅಸಿಟೋನ್, ಮತ್ತೆ ಓವನ್. ಗೆರೆ ಬಾರದ ತನಕ ಇದೇ. ಇದನ್ನು ಬಿಟ್ಟು ಸ್ಪ್ರೇ ಮಾಡಿದರೆ ಬೇಯಿಸುವ ಹೊತ್ತಿಗೆ ಎಣ್ಣೆ ಒಸರಿ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿ ಬೀಳ್ತದೆ. ಮತ್ತೆ ಮೊದಲಿಂದ ಶುರು.

ಬ್ಲಾಸ್ಟಿಂಗಿಗೆ 100 ಗ್ರಿಟ್ ಅಲ್ಯುಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್, ಒತ್ತಡ 80ರಿಂದ 100 ಪಿಎಸ್‌ಐ. ಗ್ಲಾಸ್ ಬೀಡ್ ಕೂಡದು. ಅದು ಮೈಯನ್ನು ಬಡಿದು ನಯ ಮಾಡ್ತದೆ, ಬಣ್ಣಕ್ಕೆ ಹಿಡಿಯಲು ಹಲ್ಲು ಸಿಗುವುದಿಲ್ಲ, ಒಂದು ವರ್ಷದಲ್ಲಿ ಹಾಳೆ ಹಾಳೆಯಾಗಿ ಏಳ್ತದೆ. ಹೊಯ್ಗೆಯೂ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರ್ತದೆ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಬೆವರೇ ಸಾಕು ಕೆಡಲಿಕ್ಕೆ.

ನಮ್ಮ ಕಡೆಯ ದೊಡ್ಡ ಕಷ್ಟ ತೇವ. ಬ್ಲಾಸ್ಟ್ ಮಾಡಿದ ಉಕ್ಕು ಬತ್ತಲೆ; ಆಷಾಢದ ಗಾಳಿಯಲ್ಲಿ ನೋಡನೋಡುತ್ತಲೇ ಕೆಂಪಡರ್ತದೆ. ಕಂಪ್ರೆಸರಿನ ಗಾಳಿಯಲ್ಲೂ ನೀರು ಬರ್ತದೆ. ಮಾಯಿಶ್ಚರ್ ಟ್ರಾಪ್ ಇಲ್ಲದ ಶೆಡ್ಡಿಗೆ ಮಳೆಗಾಲದಲ್ಲಿ ಕೊಡಲೇಬೇಡಿ. ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮಾಡಿಸುವುದು ಒಳ್ಳೆಯದು. ಕಡಲ ಬದಿಯ ಕೋವಿಯಾದರೆ ಇನ್ನೊಂದು: ಗುಳಿಯ ತಳದಲ್ಲಿ ಉಪ್ಪು ಕೂತಿರ್ತದೆ, ಬ್ಲಾಸ್ಟಿಂಗಿಗೆ ಅದು ಪೂರ್ತಿ ಹೋಗುವುದಿಲ್ಲ. ಮೊದಲ ಬ್ಲಾಸ್ಟ್ ಆದ ಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕುದಿಸಿ ತೊಳೆದು, ಕೂಡಲೇ ಓವನ್ನಿನಲ್ಲಿ ಒಣಗಿಸಿ, ಹಗುರವಾಗಿ ಮತ್ತೊಮ್ಮೆ ಬ್ಲಾಸ್ಟ್ ಮಾಡಬೇಕು. ಉಪ್ಪು ಒಳಗೆ ಉಳಿದರೆ ಅದು ಕೋಟಿಂಗಿನ ಮೂಲಕವೇ ತೇವ ಎಳೆದು ಗುಳ್ಳೆ ಎಬ್ಬಿಸ್ತದೆ.

ಕೋವಿಗೆ ಸೆರಾಕೋಟಿನಲ್ಲಿ ಓವನ್ನಿನಲ್ಲಿ ಬೇಯುವ ಎಚ್ ಸೀರೀಸ್. ಸೆರಾಮಿಕ್ ಕಣ ಡಬ್ಬಿಯ ತಳದಲ್ಲಿ ಕೂತಿರ್ತದೆ, ಕಡ್ಡಿ ಹಾಕಿ ನೋಡಿದಾಗ ಗಟ್ಟಿ ಏನೂ ಸಿಗದ ತನಕ ಕುಲುಕಬೇಕು. ಬಣ್ಣ ಮತ್ತು ಕೆಟಲಿಸ್ಟ್ (ಗಟ್ಟಿ ಮಾಡುವ ದ್ರವ) ಪ್ರಮಾಣ 18ಕ್ಕೆ 1. 108 ಮಿಲಿ ಬಣ್ಣಕ್ಕೆ 6 ಮಿಲಿ. ಅದನ್ನೇ 9 ಮಿಲಿ ಮಾಡಿದರೆ ಹೊಳಪು ಜಾಸ್ತಿ, ನಾಲ್ಕೂವರೆ ಮಿಲಿಯಾದರೆ ಮಂಕು. ಕಾಡಿಗೆ ಮಂಕೇ ಲಾಯಕ್ಕು. ಅಳತೆ ಸಿರಿಂಜಿನಲ್ಲಿ, ಅಂದಾಜಿನಲ್ಲಿ ಅಲ್ಲ. ಸೋಸಿ, 0.8 ಮಿ.ಮೀ. ನಾಝಲ್ ಇರುವ ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಸ್ಪ್ರೇ ಗನ್ನಿನಲ್ಲಿ ಹಾಕುವುದು. ಒಟ್ಟು ದಪ್ಪ ಸುಮಾರು 25 ಮೈಕ್ರಾನ್. ಬೇಯಿಸುವುದು 121 ಡಿಗ್ರಿಯಲ್ಲಿ 2 ಗಂಟೆ. ಓವನ್ನಿನ ಡಯಲ್ ಅಲ್ಲ, ನಳಿಗೆಗೆ ಕಟ್ಟಿದ ಥರ್ಮಾಮೀಟರ್ 121 ತೋರಿಸಿದ ಮೇಲೆ ಗಂಟೆ ಎಣಿಸಬೇಕು. ಬೆಂದಿತಾ ಇಲ್ಲವಾ ಅಂತ ನೋಡಲು ಕಾಣದ ಮೂಲೆಯಲ್ಲಿ ಅಸಿಟೋನ್ ಬಟ್ಟೆ ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ಬೆಂದಿಲ್ಲ.

ಗುಳಿಯ ವಿಷಯ: 25 ಮೈಕ್ರಾನಿನಲ್ಲಿ ಅದು ಮುಚ್ಚುವುದಿಲ್ಲ. ಕಾಣ್ತದೆ. ಲಾಂಬಿ, ಪುಟ್ಟಿ ಅಂತ ಏನಾದರೂ ತುಂಬಿ ಕೊಡ್ತೇನೆ ಅನ್ನುವವರಿಂದ ದೂರ ಇರಿ. ಕೋಟಿಂಗಿಗೆ ಮುಂಚೆ ಆ ಜಾಗದಲ್ಲಿ ನಳಿಗೆಯ ದಪ್ಪ ಎಷ್ಟು ಉಳಿದಿದೆ ಅಂತ ಗನ್‌ಸ್ಮಿತ್ ಅಳೆಯಲಿ. ತೆಳುವಾದ ನಳಿಗೆಗೆ ಚಂದದ ಬಣ್ಣ ಹಾಕಿದರೆ ಅಪಾಯ ಮುಚ್ಚಿಟ್ಟ ಹಾಗೆ.

ತೋಟದಬದಿ, ಮುಳ್ಳೇರಿಯ:
ಉಪಕಾರ. ಜೋಡು ನಳಿಗೆ ಓವನ್ನಿನ ಬಿಸಿ ತಾಳುವುದಿಲ್ಲ, ಬೆಸುಗೆ ಬಿಡ್ತದೆ ಅಂತ ಒಬ್ಬರು ಹೇಳಿದರು. ಹೌದಾ? ಮತ್ತೆ ನಳಿಗೆಯ ಒಳಗೂ ಕೋಟಿಂಗ್ ಬರ್ತದಾ?

ಸತು ಸೀಸ:
ಅರ್ಧ ಹೌದು. ಎರಡು ನಳಿಗೆಯ ನಡುವಿನ ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಸಾಮಾನ್ಯವಾಗಿ ತವರ ಮತ್ತು ಸೀಸದ ಮೆದು ಬೆಸುಗೆಯಲ್ಲಿ ಕೂತಿರ್ತವೆ. ಅದು 183 ಡಿಗ್ರಿಗೆ ಕರಗಲು ಶುರು. 121ಕ್ಕೂ 150ಕ್ಕೂ ಏನೂ ಆಗುವುದಿಲ್ಲ, 200ರ ಪೌಡರ್ ಓವನ್ನಿಗೆ ಹೋದರೆ ಪಟ್ಟಿ ಕಳಚುತ್ತದೆ. ಅಪಾಯ ಇರುವುದು ಎಂತದ್ದರಲ್ಲಿ ಅಂದರೆ, ಪೌಡರ್ ಕೋಟಿಂಗಿನ ದೊಡ್ಡ ಓವನ್ನನ್ನೇ ತಗ್ಗಿಸಿ ಉಪಯೋಗಿಸುವಾಗ ಹೀಟರಿನ ಹತ್ತಿರ ಡಯಲ್ ಹೇಳಿದ್ದಕ್ಕಿಂತ 30 ಡಿಗ್ರಿ ಹೆಚ್ಚಿರಬಹುದು. ನಳಿಗೆ 28 ಇಂಚು, 30 ಇಂಚು ಉದ್ದದ್ದು, ನೇತು ಹಾಕಿದರೆ ಒಂದು ತುದಿ ಹೀಟರಿಗೆ ಹತ್ತಿರವೇ. ಎರಡೂ ತುದಿಗೆ ಥರ್ಮಾಮೀಟರ್ ಬೇಕು.

ನಿಜವಾಗಿ ಬೆಸುಗೆ ತಿನ್ನುವುದು ಬಿಸಿ ಬ್ಲೂಯಿಂಗ್, ಮಾರಾಯ್ರೆ. ಅದರ ಕಾಸ್ಟಿಕ್ ದ್ರಾವಣ 140 ಡಿಗ್ರಿ ಆಸುಪಾಸಿನಲ್ಲಿ ಕುದೀತಾ ಇರ್ತದೆ. ಮೆದು ಬೆಸುಗೆಯನ್ನು ಅದು ಕರಗಿಸ್ತದೆ, ಪಟ್ಟಿಯ ಅಡಿಗೆ ನುಗ್ಗಿದ ಉಪ್ಪು ಆಮೇಲೆ ಒಳಗಿಂದ ತುಕ್ಕು ಹಿಡಿಸ್ತದೆ. ಆದ್ದರಿಂದ ಜೋಡು ನಳಿಗೆಗೆ ಬಿಸಿ ಬ್ಲೂಯಿಂಗ್ ಮಾಡಿಸುವ ಪ್ರಶ್ನೆಯೇ ಇಲ್ಲ. ಎಣ್ಣೆ ಒಸರುವುದೂ ಒಂಟಿ ನಳಿಗೆಗಿಂತ ಇದರಲ್ಲಿ ಹೆಚ್ಚು. ಪಟ್ಟಿಯ ಅಡಿ ಟೊಳ್ಳು, ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ವರ್ಷಾನುಗಟ್ಟಲೆ ಹಾಕಿದ ಎಣ್ಣೆ ಅಲ್ಲಿ ನಿಂತಿರ್ತದೆ. ಒಂದೇ ಸಲ ಓವನ್ನಿಗೆ ಹಾಕಿ ಆಯಿತು ಅನ್ನುವವರಿಗೆ ಕೊಡಬೇಡಿ. ಪಟ್ಟಿಯನ್ನು ಬೆರಳಲ್ಲಿ ತಟ್ಟಿ ನೋಡಿ, ಬಿರುಕು ಬಿಟ್ಟ ಸದ್ದು ಬಂದರೆ ಮೊದಲು ಬೆಸುಗೆ ಸರಿ ಮಾಡಿಸಿ.

ನಳಿಗೆಯ ಒಳಗೆ, ತೋಟೆ ಕೂರುವ ಛೇಂಬರಿಗೆ ಕೋಟಿಂಗ್ ಹಾಕಲೇಬಾರದು. ಸಿಲಿಕೋನ್ ಬಿರಡೆ ಎರಡೂ ಬದಿಗೆ. ಫೈರಿಂಗ್ ಪಿನ್ನಿನ ತೂತು, ನಳಿಗೆ ಬಂದು ಒರಗುವ ಮುಖ, ನಳಿಗೆಯ ಅಡಿಯ ಲಂಪು (ಕೋವಿಯ ಮೈಗೆ ಕೂರುವ ಲೋಹದ ಗಟ್ಟಿ), ತಿರುಗಣೆಯ ಪಿನ್ನು, ಬೋಲ್ಟ್ ಕಚ್ಚುವ ಜಾಗ, ಟ್ರಿಗರಿನ ಒಳಗೆ ಕುದುರೆಯನ್ನು (ಹ್ಯಾಮರ್) ತಡೆದಿಡುವ ಸಿಯರ್, ಕುದುರೆಯ ಕಚ್ಚು ಎಲ್ಲ ಖಾಲಿ ಇರಬೇಕು. ಎರಡು ಮುಖಕ್ಕೂ 25, 25 ಬಿದ್ದರೆ ನಡುವೆ 50 ಮೈಕ್ರಾನ್. ಬಿಗಿಯಾಗಿ ಕೂತ ಹಳೇ ಕೋವಿ ಮುಚ್ಚಲಿಕ್ಕೇ ಬಾರದು. ಒತ್ತಿ ಮುಚ್ಚಿದರೆ ಅಲ್ಲಿ ಬಣ್ಣ ಪುಡಿಯಾಗಿ ಸಂದಿಗೆ ಹೋಗ್ತದೆ. ಟ್ರಿಗರಿನ ಕಚ್ಚಿಗೆ ಬಣ್ಣ ಬಿದ್ದರಂತೂ ಅದು ಸವೆಯುತ್ತಾ ಎಳೆತ ಬದಲಾಗ್ತದೆ, ಕೈ ತಾಗದೆ ಹಾರುವ ಸಾಧ್ಯತೆಯೂ ಉಂಟು. ಟೇಪು ಬೇಯಿಸುವ ಮುಂಚೆಯೇ ಎಳೆದು ತೆಗೆಯಬೇಕು, ಬೆಂದ ಮೇಲೆ ತೆಗೆದರೆ ಅಂಚು ಚಕ್ಕೆ ಏಳ್ತದೆ.

ಗಾರ್ನೆಟ್ 100:
ಉಳಿದ ಸಾಮಾನಿನ ಬಗ್ಗೆ. ಸೈಲೆನ್ಸರ್ ಬೆಂಡಿಗೆ ಎಚ್ ಸೀರೀಸ್ ಹಾಕಿಸಬೇಡಿ, ಅದು ತಾಳುವುದು 260 ಡಿಗ್ರಿ ಆಸುಪಾಸು. ಎಂಜಿನ್ನಿನ ಬಾಯಿ ಹತ್ತಿರ ಅದು ಕರಟಿ ಹೋಗ್ತದೆ. ಅದಕ್ಕೆ ಗಾಳಿಯಲ್ಲೇ ಗಟ್ಟಿಯಾಗುವ ಸಿ ಸೀರೀಸ್. ಕೆಟಲಿಸ್ಟ್ ಬೇಡ, 980 ಡಿಗ್ರಿವರೆಗೂ ತಾಳ್ತದೆ, ಪೂರ್ತಿ ಗಟ್ಟಿಯಾಗಲು 5 ದಿನ. ಅಷ್ಟು ದಿನ ಬೈಕ್ ಸ್ಟಾರ್ಟ್ ಮಾಡದೆ ಇರುವುದು ಒಳ್ಳೆಯದು. ಕ್ರೋಮ್ ಇರುವ ಬೆಂಡಾದರೆ ಸುಲಿದು ಏಳುತ್ತಿರುವ ಕ್ರೋಮ್ ಎಲ್ಲ ತೆಗೆದು, ಉಳಿದದ್ದು ಹೊಳಪು ಪೂರ್ತಿ ಹೋಗುವ ತನಕ ಬ್ಲಾಸ್ಟ್ ಮಾಡಬೇಕು. ಇಲ್ಲಿ ದಪ್ಪ ಹಾಕಿದರೆ ಬಾಳಿಕೆ ಜಾಸ್ತಿ ಅಂತ ಭಾವಿಸುವುದು ತಪ್ಪು. ದಪ್ಪದ್ದೇ ಮೊದಲು ಬಿರಿಯುವುದು.

ಹಾಗಂತ ಗಾಳಿಯಲ್ಲಿ ಒಣಗುವ ಸಿ ಸೀರೀಸನ್ನೇ ಮನೆಯಲ್ಲಿ ಕೋವಿಗೂ ಹೊಡೆದರಾಯಿತು ಅಂತ ಹೊರಡಬೇಡಿ. ಉಜ್ಜಾಟ ತಾಳುವುದರಲ್ಲಿ ಎಚ್ ಮುಂದೆ. ಮತ್ತೆ ಓವನ್ ಇಲ್ಲದೆ ಎಣ್ಣೆ ಹೊರಗೆ ಬರಿಸುವುದು ಹೇಗೆ? ಅಡುಗೆಮನೆಯ ಓವನ್ನಿಗೆ ಇದನ್ನು ಹಾಕಿದರೆ ಅದರಲ್ಲಿ ಮತ್ತೆ ತಿಂಡಿ ಬೇಯಿಸಬಾರದು. ಸ್ಪ್ರೇ ಮಾಡುವಾಗ ಬಟ್ಟೆಯ ಮಾಸ್ಕ್ ಸಾಲದು, ದ್ರಾವಕದ ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಪಂಪಿನ ಸ್ಟ್ಯಾಂಡಿಗೆ ಸೆರಾಮಿಕ್ ಅನ್ನುವುದು ದುಡ್ಡು ದಂಡ. ತುತ್ತಿನ ನೀರು ಬರೀ ಕಬ್ಬಿಣಕ್ಕೆ ತಾಗಿದರೆ ಅದರ ತಾಮ್ರ ಕಬ್ಬಿಣದ ಮೇಲೆ ಕೂರ್ತದೆ, ಅಷ್ಟು ಕಬ್ಬಿಣ ಕರಗಿ ಹೋಗ್ತದೆ, ಆಮೇಲೆ ಆ ತಾಮ್ರವೇ ಬದಿಯ ಕಬ್ಬಿಣವನ್ನು ಇನ್ನೂ ಬೇಗ ತಿನ್ನಿಸ್ತದೆ. ತೆಳು ಕೋಟಿಂಗಿನಲ್ಲಿ ಒಂದು ಗೀರು ಬಿದ್ದರೂ ಅಲ್ಲೇ ಗುಂಡಿ. ಅದಕ್ಕೆ ದಪ್ಪದ ಪೌಡರ್ ಕೋಟಿಂಗ್ ಸಾಕು, ಸ್ಪ್ರೇ ಮುಗಿದ ದಿನ ತೊಳೆಯುವುದನ್ನು ಬಿಡಬೇಡಿ. ಸುಣ್ಣ ಬೆರೆಸುವ ಮುಂಚಿನ ತುತ್ತಿನ ದ್ರಾವಣ ಚೆಲ್ಲಿದರೆ ಕೂಡಲೇ ನೀರು ಹೊಯ್ಯಿರಿ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕಿಂತ ಅದರ ಹಾವಳಿ ಜಾಸ್ತಿ.

ಕತ್ತಿಗೆ ಮಾಡಿಸಬಹುದು. 121 ಡಿಗ್ರಿಗೆ ಕತ್ತಿಯ ಹದ ಹೋಗುವುದಿಲ್ಲ. ಆದರೆ ಬಾಯಿ ಮಸೆದ ದಿನವೇ ಅಲ್ಲಿನ ಬಣ್ಣ ಹೋಯಿತು, ಉಳಿಯುವುದು ಬೆನ್ನಿಗೆ ಮತ್ತು ಮೈಗೆ ಮಾತ್ರ. ದಿನಾ ಮಸೆಯುವ ಕತ್ತಿಗೆ ಯಾಕೆ ಅಂತ ನೀವೇ ಯೋಚನೆ ಮಾಡಿ.

ಗಡಿಯಾಚೆ, ತಲಪಾಡಿ:
ಕೋಟಿಂಗ್ ಆದ ಮೇಲೂ ನಳಿಗೆಯ ಒಳಗೆ ಎಣ್ಣೆ ಬೇಕೇ ಬೇಕು, ಅಲ್ಲಿ ಬರೀ ಉಕ್ಕೇ ಇರುವುದು. ತೆಂಗಿನೆಣ್ಣೆ ಹಚ್ಚುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅದು ಕೆಲವು ತಿಂಗಳಲ್ಲಿ ಜಿಗುಟಾಗಿ ಧೂಳು ಹಿಡಿದು, ಕನರಿ ಆಮ್ಲವೂ ಆಗ್ತದೆ. ಕೋವಿಗೆ ಹಾಕುವ ರಂಗೂನ್ ಎಣ್ಣೆ, ಇಲ್ಲವೇ ಹೊಲಿಗೆ ಮೆಷಿನಿನ ಎಣ್ಣೆ ಸಾಕು. ಚರ್ಮದ ಚೀಲದಲ್ಲಿ, ಗೋಣಿಯಲ್ಲಿ ಸುತ್ತಿ ಇಡಬೇಡಿ, ಎರಡೂ ತೇವ ಹಿಡೀತವೆ. ಠೇವಣಿಗೆ ಕೊಡುವ ದಿನ ಒಳಗೆ ಧಾರಾಳ ಎಣ್ಣೆ ಹಾಕಿ. ವಾಪಸ್ ತಂದಾಗ ಒಣ ಬಟ್ಟೆಯಲ್ಲಿ ಎಳೆದು, ಬೆಳಕಿಗೆ ಹಿಡಿದು ಎರಡು ನಳಿಗೆಯೂ ಖಾಲಿ ಅಂತ ನೋಡದೆ ತೋಟೆ ತುಂಬಬೇಡಿ.