ಅರ್ಜೆಂಟೀನಾ: ಮಕ್ಕಳ ಭತ್ಯೆ ದುಪ್ಪಟ್ಟಾದರೂ ಪೂರ್ತಿ ದುಡ್ಡು ಏಕೆ ಬರಲ್ಲ?

ಪ್ರಶ್ನೆ: 2023ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಮಿಲೇ ಸರ್ಕಾರ ಬಂದ ವಾರದೊಳಗೇ ಅಲ್ಲಿನ ಹಣ ಪೆಸೊದ ಮೌಲ್ಯ ಇಳಿಸಿ, ಜೊತೆಗೇ ಬಡ ಮಕ್ಕಳ ಭತ್ಯೆ ದುಪ್ಪಟ್ಟು ಮಾಡೋದಾಗಿ ಹೇಳ್ತು. 20,661 ಪೆಸೊ ಇದ್ದದ್ದು ಜನವರಿಗೆ 41,322 ಆಯ್ತು. ಆದರೆ ಖಾತೆಗೆ ಬಿದ್ದದ್ದು 33 ಸಾವಿರ ಚಿಲ್ಲರೆ. ಉಳಿದದ್ದು ಎಲ್ಲಿ ಹೋಯ್ತು?

ಉತ್ತರ 1: ಎಲ್ಲೂ ಹೋಗಿಲ್ಲ ಸಾರ್, ತಡೆಹಿಡಿದಿರ್ತಾರೆ. ತಿಂಗಳಿಗೆ ಸಿಗೋದು 80% ಮಾತ್ರ. ಮಿಕ್ಕ 20%, ಅಂದರೆ 8,264 ಪೆಸೊ, ಸಿಗಬೇಕಾದರೆ ಮಗುವಿಗೆ ಲಸಿಕೆ ಹಾಕಿಸಿದ್ದಕ್ಕೆ, ಶಾಲೆಗೆ ಹೋಗ್ತಿರೋದಕ್ಕೆ ವರ್ಷಕ್ಕೊಮ್ಮೆ ದಾಖಲೆ ಕೊಡಬೇಕು. ಭತ್ಯೆ ಕೊಡೋ ಸರ್ಕಾರಿ ಸಂಸ್ಥೆ ಅನ್ಸೆಸ್‌ನ ಜಾಲತಾಣದಿಂದ ಫಾರಂ ಇಳಿಸಿಕೊಂಡು, ಆಸ್ಪತ್ರೆಯಲ್ಲೂ ಶಾಲೆಯಲ್ಲೂ ಸಹಿ ಹಾಕಿಸಿ, ಫೋಟೊ ತೆಗೆದು ಅಪ್‌ಲೋಡ್ ಮಾಡೋದು. ಫಾರಂ ಕೊಡದಿದ್ದರೆ ಆ 20% ಅಲ್ಲೇ ನಿಲ್ಲುತ್ತೆ. ಹಸಿದವರ ಹತ್ರ ಕಾಗದ ಕೇಳೋ ಈ ಷರತ್ತು ಮಿಲೇ ತಂದದ್ದಲ್ಲ, ಹಳೇದು.

ಉತ್ತರ 2: ಊಟದ ಸಾಮಾನು ಕೊಳ್ಳೋಕೆ ಸರ್ಕಾರ ದುಡ್ಡು ಹಾಕೋ ಆಹಾರ ಕಾರ್ಡಿನ ಮೊತ್ತವನ್ನೂ 50% ಏರಿಸಿದ್ರು. ಅದಕ್ಕೆ ಬೇರೆ ಅರ್ಜಿ ಬೇಡ. ಭತ್ಯೆ ಪಡೆಯೋರ ಮಗು ಆಗಿನ ನಿಯಮದಂತೆ 14 ವರ್ಷದೊಳಗಿದ್ರೆ ಸಾಕು, ತಾನಾಗೇ ಜಮಾ.

ಉತ್ತರ 3: ದುಪ್ಪಟ್ಟು ಅಂತ ಹಿಗ್ಗೋ ಮುಂಚೆ ಬೆಲೆ ನೋಡಿ. ಡಿಸೆಂಬರ್ ಒಂದೇ ತಿಂಗಳ ಹಣದುಬ್ಬರ 25.5%, ಜನವರಿಯದು 20.6%. ಎರಡೂ ಸೇರಿ 1.255 × 1.206, ಅಂದರೆ ಬೆಲೆ 51% ಮೇಲೆ. ನಿಜವಾದ ಹೆಚ್ಚಳ ಮೂರನೇ ಒಂದರಷ್ಟು ಮಾತ್ರ, ಮುಂದಿನ ಪರಿಷ್ಕರಣೆ ಇದ್ದದ್ದು 2024ರ ಮಾರ್ಚ್‌ಗೆ. ಇನ್ನೊಂದು ಕಡೆ, ಬಡಾವಣೆಗಳ ಉಚಿತ ಊಟದ ಅಡುಗೆಮನೆಗಳಿಗೆ ಹೋಗ್ತಿದ್ದ ಸಾಮಗ್ರಿಯನ್ನ ಲೆಕ್ಕ ತಪಾಸಣೆ ನೆಪದಲ್ಲಿ ನಿಲ್ಲಿಸಿದ್ರು. 2024ರ ಮೇನಲ್ಲಿ ಗೋದಾಮಲ್ಲಿ ಬಿದ್ದಿದ್ದ ದಾಸ್ತಾನು ಹಂಚಿ ಅಂತ ಕೋರ್ಟೇ ಹೇಳಬೇಕಾಯ್ತು.